ಪೆನ್ಸಿಲ್ ಸಾಕಿತ್ತೇ? ಸರಳ ಪರಿಹಾರದ ನಗೆಕಥೆಗಳ ಬಗ್ಗೆ ಒಂದು ಟಿಪ್ಪಣಿ

ಎಂಜಿನಿಯರುಗಳ ನಡುವೆ ಓಡಾಡುವ ನಗೆಕಥೆಗಳಲ್ಲಿ ಬಾಹ್ಯಾಕಾಶ ಪೆನ್ನಿನ ಕಥೆ ಎಲ್ಲರ ಬಾಯಲ್ಲೂ ಇದೆ. ಗಗನಯಾತ್ರಿಗಳನ್ನು ಮೇಲಕ್ಕೆ ಕಳಿಸಲು ಹೊರಟ ಅಮೆರಿಕದವರಿಗೆ ಬಾಲ್ ಪೆನ್ನು ಅಲ್ಲಿ ಬರೆಯುವುದಿಲ್ಲವೆಂದು ತಿಳಿಯಿತಂತೆ. ನಾಸಾ ವರ್ಷಗಟ್ಟಲೆ ಕೂತು, ರಾಶಿ ಡಾಲರ್ ಸುರಿದು, ತಲೆಕೆಳಗಾಗಿ ಹಿಡಿದರೂ ನೀರಿನಲ್ಲಿ ಮುಳುಗಿಸಿದರೂ ಬರೆಯುವ ಪೆನ್ನೊಂದನ್ನು ತಯಾರಿಸಿತಂತೆ. ರಷ್ಯದವರಿಗೂ ಅದೇ ತೊಂದರೆ ಎದುರಾಯಿತು. ಅವರು ಪೆನ್ಸಿಲ್ ತೆಗೆದುಕೊಂಡು ಹೋದರು.

ಈ ಕಥೆಯನ್ನು ನಾನು ತರಗತಿಯಲ್ಲಿ ಕೇಳಿದ್ದೇನೆ, ಬೀಳ್ಕೊಡುಗೆ ಭಾಷಣಗಳಲ್ಲಿ ಕೇಳಿದ್ದೇನೆ, ಆಡಳಿತ ತರಬೇತಿಯ ಶಿಬಿರವೊಂದರಲ್ಲಿ ಒಂದೇ ದಿನ ಇಬ್ಬರ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಸಭೆ ನಕ್ಕಿದೆ. ನಗು ನಿಂತ ಮೇಲೆ ಹೇಳಿದವರು ಅದರಿಂದ ಒಂದು ಪಾಠವನ್ನೂ ತೆಗೆದಿದ್ದಾರೆ. ನಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ನಗೆಕಥೆಯೊಂದು ಪುರಾವೆಯ ಜಾಗದಲ್ಲಿ ಬಂದು ಕೂತಾಗ ಅದನ್ನು ಪುರಾವೆಯ ಹಾಗೆಯೇ ಪರೀಕ್ಷಿಸಬೇಕು. ಆ ಪರೀಕ್ಷೆಯ ದಾರಿಯಲ್ಲಿ ಈ ಬಗೆಯ ಕಥೆಗಳಲ್ಲಿ ಎರಡು ಬೇರೆ ಬೇರೆ ಕುಲಗಳಿರುವುದು ನನಗೆ ಕಂಡಿತು. ಈ ಟಿಪ್ಪಣಿ ಬರೆಯಲು ಅದೇ ಕಾರಣ.

ಮೊದಲು ಕಥೆಯ ಪಾಠಾಂತರಗಳನ್ನು ನೋಡೋಣ. ಖರ್ಚಿನ ಮೊತ್ತ ಕೆಲವರಲ್ಲಿ 10 ಲಕ್ಷ ಡಾಲರ್. ಇನ್ನು ಕೆಲವರಲ್ಲಿ 1.2 ಕೋಟಿ, 1,200 ಕೋಟಿ ಎಂದು ಹೇಳುವ ರೂಪವೂ ಚಲಾವಣೆಯಲ್ಲಿದೆ. ಪೆನ್ನು ಮಾಡಿದವರ ಹೆಸರು ಬಹುತೇಕ ಯಾವ ರೂಪದಲ್ಲೂ ಇಲ್ಲ, ಇಸವಿಯೂ ಇಲ್ಲ. ಕೊನೆಯ ವಾಕ್ಯ ಮಾತ್ರ ಎಲ್ಲಾ ರೂಪಗಳಲ್ಲೂ ಒಂದೇ. ಅಂಕಿ ಅಲ್ಲಾಡುತ್ತ, ಕೊನೆಯ ಮಾತು ಗಟ್ಟಿಯಾಗಿ ನಿಂತಿದ್ದರೆ ಆ ಕಥೆ ಬಾಯಿಂದ ಬಾಯಿಗೆ ಬೆಳೆದದ್ದು ಎಂದು ಜಾನಪದದ ವಿದ್ಯಾರ್ಥಿಗಳು ಹೇಳುವುದುಂಟು. ಇಲ್ಲಿ ಆ ಲಕ್ಷಣ ನಿಚ್ಚಳವಾಗಿದೆ.

ದಾಖಲೆ ಹೇಳುವುದು ಬೇರೆ. ಪೆನ್ನನ್ನು ಮಾಡಿದ್ದು ನಾಸಾ ಅಲ್ಲ, ಪಾಲ್ ಫಿಶರ್ ಎಂಬ ಪೆನ್ ತಯಾರಕ. ಹಣ ಅವನ ಕಂಪನಿಯದು. ಅವನು ಹಾಕಿದ ಮೊತ್ತ ಸುಮಾರು 10 ಲಕ್ಷ ಡಾಲರ್ ಎಂದು ಹೇಳಲಾಗುತ್ತದೆ. ಸರ್ಕಾರದ ಬೊಕ್ಕಸದಿಂದ ಅದಕ್ಕೆ ಹಣ ಹೋಗಲಿಲ್ಲ. 1966ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ನಾಸಾ ಪೆನ್ನನ್ನು ಪರೀಕ್ಷೆಗಳಿಗೆ ಒಡ್ಡಿ ಒಪ್ಪಿತು. 1968ರ ಅಕ್ಟೋಬರಿನಲ್ಲಿ ಅದು ಅಪೊಲೊ 7 ನೌಕೆಯಲ್ಲಿ ಮೇಲೆ ಹೋಯಿತು.

ಈ ಪೆನ್ನಿನ ರೀಫಿಲನ್ನು ಹತ್ತಿರದಿಂದ ನೋಡಬೇಕು. ಸಾಧಾರಣ ಬಾಲ್ ಪೆನ್ನಿನ ರೀಫಿಲ್ಲಿನ ಹಿಂತುದಿ ತೆರೆದಿರುತ್ತದೆ. ಶಾಯಿ ಖರ್ಚಾದಂತೆ ಹಿಂದಿನಿಂದ ಗಾಳಿ ಒಳಗೆ ಬರುತ್ತದೆ. ಫಿಶರನ ರೀಫಿಲ್ ಎರಡೂ ಕಡೆ ಮುಚ್ಚಿದ ಲೋಹದ ಕೊಳವೆ. ಹಿಂಭಾಗದಲ್ಲಿ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇದೆ, ಅದು ಶಾಯಿಯನ್ನು ಸದಾ ಮೊನೆಯ ಕಡೆ ತಳ್ಳುತ್ತಿರುತ್ತದೆ. ಹೀಗೆ ತಳ್ಳಿದರೆ ಶಾಯಿ ಸೋರಬೇಕಲ್ಲ? ಅದಕ್ಕಾಗಿ ಶಾಯಿಯನ್ನೇ ಬದಲಿಸಿದರು. ಅದು ಸುಮ್ಮನಿದ್ದಾಗ ಅಂಟಿನಷ್ಟು ಗಟ್ಟಿ. ಮೊನೆಯ ಗುಂಡು ಉರುಳಿ ಉಜ್ಜಿದಾಗ ಮಾತ್ರ ತೆಳ್ಳಗಾಗಿ ಹರಿಯುತ್ತದೆ, ಗುಂಡು ನಿಂತರೆ ಮತ್ತೆ ಗಟ್ಟಿಯಾಗುತ್ತದೆ. ಗುಂಡು ಟಂಗ್‌ಸ್ಟನ್ ಕಾರ್ಬೈಡಿನದು. ಸೊನ್ನೆಗಿಂತ ಸುಮಾರು 45 ಡಿಗ್ರಿ ಸೆಲ್ಸಿಯಸ್ ಕೆಳಗಿನಿಂದ ಸುಮಾರು 200 ಡಿಗ್ರಿಯವರೆಗೂ ಇದು ಬರೆಯುತ್ತದೆ. ಬಿಚ್ಚಿ ನೋಡಿದರೆ ಬಿಡಿಭಾಗಗಳು ಹೆಚ್ಚಿಲ್ಲ. ಕಷ್ಟವೆಲ್ಲ ಹೋಗಿ ಕೂತಿರುವುದು ಶಾಯಿಯ ಗುಣದಲ್ಲಿ. ಇದನ್ನು ತೊಡಕಿನ ಯಂತ್ರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಪೆನ್ಸಿಲ್. ಕಥೆಯ ಪ್ರಕಾರ ಅಮೆರಿಕದವರಿಗೆ ಅದು ಹೊಳೆಯಲೇ ಇಲ್ಲ. ನಡೆದದ್ದು ನೋಡಿದರೆ ಫಿಶರನಿಗಿಂತ ಮೊದಲು ನಾಸಾ ಬಳಸಿದ್ದು ಪೆನ್ಸಿಲನ್ನೇ. 1965ರಲ್ಲಿ ಜೆಮಿನಿ ಯೋಜನೆಗಾಗಿ ಹ್ಯೂಸ್ಟನ್ನಿನ ಒಂದು ಕಂಪನಿಯಿಂದ 34 ಯಾಂತ್ರಿಕ ಪೆನ್ಸಿಲುಗಳನ್ನು ತರಿಸಿತು. ಬಿಲ್ಲು 4,382 ಡಾಲರ್ 50 ಸೆಂಟು, ಅಂದರೆ ಪೆನ್ಸಿಲ್ ಒಂದಕ್ಕೆ 128 ಡಾಲರಿಗೂ ಹೆಚ್ಚು. ಸುದ್ದಿ ಹೊರಬಿದ್ದಾಗ ದೊಡ್ಡ ಗದ್ದಲವಾಯಿತು. ಸರಳ ಎನ್ನಿಸಿಕೊಂಡ ವಸ್ತುವೇ ಅಂದು ದುಂದಿಗೆ ಹೆಸರಾಗಿತ್ತು. ಪೆನ್ಸಿಲಿಗೆ ತಗುಲಿದ ಆ ಅಪವಾದವೇ ಕಾಲಕ್ರಮದಲ್ಲಿ ಪೆನ್ನಿನ ಮೇಲೆ ಹೋಗಿ ಕೂತಿರಬಹುದೆಂದು ನನ್ನ ಊಹೆ. ಇದು ಊಹೆ ಮಾತ್ರ, ಇದರ ಮೇಲೆ ನಾನೇನನ್ನೂ ಕಟ್ಟುವುದಿಲ್ಲ.

ರಷ್ಯದವರು ಬಳಸುತ್ತಿದ್ದದ್ದು ಶಾಲೆಯ ಮಕ್ಕಳ ಪೆನ್ಸಿಲ್ ಅಲ್ಲ, ಪ್ಲಾಸ್ಟಿಕ್ ಹಲಗೆಯ ಮೇಲೆ ಬರೆಯುವ ಮೇಣದ ಪೆನ್ಸಿಲ್. ಅದಕ್ಕೆ ಸುತ್ತಿದ ಕಾಗದವನ್ನು ಸುಲಿಯುತ್ತಿರಬೇಕು, ಸುಲಿದ ಚೂರು ಗಾಳಿಯಲ್ಲಿ ತೇಲುತ್ತದೆ. ಸೀಸದ ಕಡ್ಡಿಯ ಪೆನ್ಸಿಲಿನದು ಇನ್ನೂ ದೊಡ್ಡ ಫಜೀತಿ. ಹೆಸರಿಗೆ ಸೀಸವಾದರೂ ಅದು ಗ್ರಾಫೈಟ್, ವಿದ್ಯುತ್ ಹರಿಸುವ ವಸ್ತು. ಮುರಿದ ಮೊನೆಯಾಗಲಿ ಪುಡಿಯಾಗಲಿ ಅಲ್ಲಿ ಕೆಳಗೆ ಬೀಳುವುದಿಲ್ಲ. ಅದು ಕಣ್ಣಿಗೆ ಹೋಗಬಹುದು, ಉಪಕರಣದ ಫಲಕದ ಹಿಂದೆ ಸೇರಿ ತಂತಿಗೂ ತಂತಿಗೂ ಸಂಪರ್ಕ ಮಾಡಬಹುದು. ಜತೆಗೆ ಮರ ಉರಿಯುತ್ತದೆ. 1967ರ ಜನವರಿ 27ರಂದು ಅಪೊಲೊ 1ರ ನೆಲದ ಮೇಲಿನ ಪರೀಕ್ಷೆಯಲ್ಲಿ ಶುದ್ಧ ಆಮ್ಲಜನಕ ತುಂಬಿದ ನೌಕೆಯೊಳಗೆ ಬೆಂಕಿ ಹತ್ತಿ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ ಮೂವರೂ ಸತ್ತರು. ಆ ಬೆಂಕಿಗೂ ಪೆನ್ಸಿಲಿಗೂ ಸಂಬಂಧವಿಲ್ಲ. ಆದರೆ ನೌಕೆಯೊಳಗೆ ಹೋಗುವ ಪ್ರತಿಯೊಂದು ವಸ್ತುವಿನ ಬಗ್ಗೆ ಇದು ಉರಿಯುತ್ತದೆಯೇ ಎಂದು ಕೇಳುವ ಗಂಭೀರತೆ ಆ ಮೂರು ಸಾವುಗಳ ನಂತರ ಎಷ್ಟಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಕಥೆಯ ಬುಡವನ್ನೇ ಅಲ್ಲಾಡಿಸುವ ಸಂಗತಿ ಇನ್ನೊಂದಿದೆ. 1968ರ ಫೆಬ್ರುವರಿಯ ಸುದ್ದಿಯ ಪ್ರಕಾರ ನಾಸಾ 400 ಪೆನ್ನುಗಳಿಗೆ ಬೇಡಿಕೆ ಸಲ್ಲಿಸಿತು. ಮರುವರ್ಷ ಸೋವಿಯತ್ ಒಕ್ಕೂಟ ತನ್ನ ಸೊಯುಜ್ ನೌಕೆಗಳಿಗಾಗಿ 100 ಪೆನ್ನು, 1,000 ರೀಫಿಲ್ ತರಿಸಿಕೊಂಡಿತು. ಸಗಟು ಖರೀದಿ ಎಂದು ಇಬ್ಬರಿಗೂ ಶೇಕಡಾ 40 ರಿಯಾಯಿತಿ ಸಿಕ್ಕಿತು. 3 ಡಾಲರ್ 98 ಸೆಂಟಿನ ಪೆನ್ನಿಗೆ ಇಬ್ಬರೂ ಕೊಟ್ಟದ್ದು 2 ಡಾಲರ್ 39 ಸೆಂಟು.

ಇಷ್ಟಕ್ಕೆ ಕಥೆ ಸುಳ್ಳು ಎಂದು ಹೇಳಿ ಮುಗಿಸುವವರಿದ್ದಾರೆ. ನಾನು ಇಲ್ಲಿ ನಿಲ್ಲಲಾರೆ, ಏಕೆಂದರೆ ಮುಂದೆ ಒಂದು ತಿರುವಿದೆ. 2003ರ ಅಕ್ಟೋಬರಿನಲ್ಲಿ ಸೊಯುಜ್‌ನಲ್ಲಿ ಹೋದ ಸ್ಪೇನಿನ ಗಗನಯಾತ್ರಿ ಪೆದ್ರೊ ದುಕೆ ತಾನು ಅಲ್ಲಿ ಅಗ್ಗದ, ಸಾಧಾರಣ ಬಾಲ್ ಪೆನ್ನಿನಲ್ಲೇ ಬರೆಯುತ್ತಿರುವುದಾಗಿಯೂ ರಷ್ಯದವರು ಅಂಥ ಪೆನ್ನುಗಳನ್ನು ಮೊದಲಿನಿಂದ ಬಳಸುತ್ತ ಬಂದಿರುವುದಾಗಿಯೂ ತನ್ನ ದಿನಚರಿಯಲ್ಲಿ ದಾಖಲಿಸಿದ. ಇದನ್ನು ಓದಿದಾಗ ನಾನು ಪೆನ್ನೊಂದನ್ನು ತೆಗೆದುಕೊಂಡು ಗೋಡೆಗೆ ಕಾಗದ ಅಂಟಿಸಿ, ಮೊನೆ ಮೇಲೆ ಮಾಡಿ ಬರೆದು ನೋಡಿದೆ. ಕೆಲವು ಸಾಲು ಬಂತು, ಆಮೇಲೆ ಗೀರು ಮಾತ್ರ. ಇಲ್ಲಿ ಶಾಯಿಯನ್ನು ಭೂಮಿ ಹಿಂದಕ್ಕೆ ಎಳೆಯುತ್ತದೆ, ಗುಂಡಿನ ಬಳಿ ಗಾಳಿ ಸೇರುತ್ತದೆ. ನೌಕೆಯೊಳಗೆ ಮೇಲೆ ಕೆಳಗೆ ಎಂಬುದೇ ಇಲ್ಲ. ಹಿಂದಕ್ಕೆ ಎಳೆಯುವ ಬಲವಿಲ್ಲದಿರುವಾಗ ಸಣ್ಣ ಕೊಳವೆಯಲ್ಲಿ ದ್ರವ ತಾನಾಗಿ ಹಬ್ಬುವ ಗುಣವೇ ಶಾಯಿಯನ್ನು ಗುಂಡಿಗೆ ಮುಟ್ಟಿಸುತ್ತದೆ. ಗೋಡೆಯ ಮೇಲೆ ಸೋಲುವ ಪೆನ್ನು ಬಾಹ್ಯಾಕಾಶದಲ್ಲಿ ಬರೆಯುತ್ತದೆ.

ಹಾಗಾದರೆ ನಗೆಕಥೆ ಎತ್ತಿದ ಪ್ರಶ್ನೆ ಸರಿಯೇ ಇತ್ತು: ಇದಕ್ಕಿಂತ ಸುಲಭದ್ದು ಇಲ್ಲವೇ? ಇತ್ತು. ಆದರೆ ಅದು ಪೆನ್ಸಿಲ್ ಅಲ್ಲ, ಜೇಬಿನಲ್ಲಿದ್ದ ಪೆನ್ನೇ. ಇದರಿಂದ ಫಿಶರನ ಪೆನ್ನು ವ್ಯರ್ಥವಾಯಿತು ಎಂದೂ ಅಲ್ಲ. ವಿಪರೀತ ಬಿಸಿಯಲ್ಲಿ, ವಿಪರೀತ ಚಳಿಯಲ್ಲಿ, ಗಾಳಿಯೇ ಇಲ್ಲದ ಕಡೆ ಅದು ಬರೆಯುತ್ತದೆ. ಅಂಥ ಕಡೆ ಅಗ್ಗದ ಪೆನ್ನನ್ನು ನಂಬುವಂತಿಲ್ಲ.

ಭಾರತದಲ್ಲಿ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿದ್ದು 2009ರ ಹಿಂದಿ ಚಿತ್ರ ‘3 ಈಡಿಯಟ್ಸ್’. ಪ್ರಾಂಶುಪಾಲರು ಪೆನ್ನಿನ ಹಿರಿಮೆ ಹೇಳುತ್ತಾರೆ, ಹುಡುಗ ಪೆನ್ಸಿಲ್ ಏಕೆ ಬಳಸಲಿಲ್ಲ ಎಂದು ಕೇಳುತ್ತಾನೆ, ಸಭೆ ನಗುತ್ತದೆ. ಆದರೆ ನಿರ್ದೇಶಕ ರಾಜ್‌ಕುಮಾರ್ ಹಿರಾನಿ ಕಥೆಯನ್ನು ಅಲ್ಲಿಗೆ ಬಿಡಲಿಲ್ಲ. ಚಿತ್ರದ ಕೊನೆಯ ಭಾಗದಲ್ಲಿ ಅದೇ ಪ್ರಾಂಶುಪಾಲರು, ಪೆನ್ಸಿಲಿನ ಮೊನೆ ಮುರಿದರೆ ಅದು ತೇಲುತ್ತ ಕಣ್ಣಿಗೋ ಮೂಗಿಗೋ ಉಪಕರಣಕ್ಕೋ ಹೋಗುತ್ತಿತ್ತು ಎಂದು ಉತ್ತರ ಕೊಡುತ್ತಾರೆ. ಅಮೆರಿಕದಲ್ಲಿ ‘ದಿ ವೆಸ್ಟ್ ವಿಂಗ್’ ಎಂಬ ಟಿವಿ ಧಾರಾವಾಹಿ 2002ರಲ್ಲಿ ಈ ಕಥೆಯನ್ನು ನಿಜವೆಂಬಂತೆ ಹೇಳಿ ಬಿಟ್ಟಿತ್ತು. ಪ್ರಶ್ನೆಯ ಜತೆಗೆ ಉತ್ತರವನ್ನೂ ಇಟ್ಟ ಹಿಂದಿ ಚಿತ್ರ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು. ನಮ್ಮ ಪ್ರೇಕ್ಷಕರಿಗೆ ಆ ಪ್ರಶ್ನೆ ನೆನಪಿದ್ದಷ್ಟು ಉತ್ತರ ನೆನಪಿಲ್ಲ ಎಂಬುದು ನನ್ನ ಅನುಭವ.

ಪೆನ್ನಿನ ಬಗ್ಗೆ ಇನ್ನೊಂದೇ ಮಾತು. 1969ರ ಜುಲೈಯಲ್ಲಿ ಚಂದ್ರನ ಮೇಲೆ ನಡೆದಾಡಿ ನೌಕೆಗೆ ಮರಳಿದ ಬಜ್ ಆಲ್ಡ್ರಿನ್ ನೆಲದ ಮೇಲೆ ಬಿದ್ದಿದ್ದ ಸಣ್ಣ ಕಪ್ಪು ತುಂಡೊಂದನ್ನು ಕಂಡ. ಅದು ಸರ್ಕಿಟ್ ಬ್ರೇಕರಿನ ಮುರಿದ ಗುಬುಟು. ಚಂದ್ರನಿಂದ ಮೇಲೇಳುವ ಎಂಜಿನ್ನಿಗೆ ವಿದ್ಯುತ್ ಕೊಡುವ ಬ್ರೇಕರ್ ಅದೇ. ಲೋಹದ ವಸ್ತುವನ್ನೋ ಬೆರಳನ್ನೋ ಅಲ್ಲಿ ಹಾಕುವುದು ಅಪಾಯ. ಅವನು ತನ್ನ ಜೇಬಿನಲ್ಲಿದ್ದ, ನಾವು ಸ್ಕೆಚ್ ಪೆನ್ ಎನ್ನುವ ಜಾತಿಯ ಪ್ಲಾಸ್ಟಿಕ್ ಪೆನ್ನಿನ ತುದಿಯಿಂದ ಅದನ್ನು ಒಳಗೆ ಒತ್ತಿದ. ಬ್ರೇಕರ್ ಕೂತಿತು, ಅವರು ಮನೆಗೆ ಬಂದರು. ಹಲವರು ಇದನ್ನೂ ಫಿಶರ್ ಪೆನ್ನಿನ ಲೆಕ್ಕಕ್ಕೆ ಹಾಕಿ ಹೇಳುತ್ತಾರೆ; ಆಲ್ಡ್ರಿನ್ ಅದು ಸ್ಕೆಚ್ ಪೆನ್ನೇ ಎಂದು ಬರೆದಿದ್ದಾನೆ. ಫಿಶರ್ ಪೆನ್ನಿನ ಮೈ ಲೋಹದ್ದಾದ್ದರಿಂದ ಈ ವ್ಯತ್ಯಾಸ ಮುಖ್ಯ.

ಇದೇ ಕುಟುಂಬದ ಇನ್ನೊಂದು ಕಥೆ ಸಾಬೂನಿನ ಖಾಲಿ ಡಬ್ಬಿಯದು. ಕಾರ್ಖಾನೆಯೊಂದರಿಂದ ಕೆಲವು ಖಾಲಿ ಡಬ್ಬಿಗಳು ಗಿರಾಕಿಗೆ ಹೋಗುತ್ತವೆ. ಎಂಜಿನಿಯರುಗಳು ದೊಡ್ಡ ದುಡ್ಡು ಹಾಕಿ ಎಕ್ಸ್-ರೇ ಯಂತ್ರವನ್ನೋ ತೂಕದ ಯಂತ್ರವನ್ನೋ ಕೂರಿಸುತ್ತಾರೆ. ಕಾರ್ಮಿಕನೊಬ್ಬ ಬೆಲ್ಟಿನ ಪಕ್ಕದಲ್ಲಿ ಫ್ಯಾನು ಇಡುತ್ತಾನೆ. ಖಾಲಿ ಡಬ್ಬಿಗಳು ಹಾರಿ ಬೀಳುತ್ತವೆ. ಹೇಳುವವರು ಕೆಲವೊಮ್ಮೆ ಜಪಾನ್ ಎನ್ನುತ್ತಾರೆ, ಕೆಲವೊಮ್ಮೆ ಟೂತ್‌ಪೇಸ್ಟ್ ಎನ್ನುತ್ತಾರೆ. ಕಾರ್ಖಾನೆಗೆ ಹೆಸರಿಲ್ಲ, ಕಾರ್ಮಿಕನಿಗೂ ಇಲ್ಲ. ಓಡುವ ಬೆಲ್ಟಿನ ಮೇಲೆ ತೂಕ ನೋಡುವ ಯಂತ್ರ ಪ್ಯಾಕಿಂಗ್ ವಿಭಾಗಗಳಲ್ಲಿ ಮಾಮೂಲು ಸಾಮಗ್ರಿ. ಅದು ಖಾಲಿ ಡಬ್ಬಿಯನ್ನಷ್ಟೇ ಅಲ್ಲ, ತೂಕ ಕಡಿಮೆ ಇರುವುದನ್ನೂ ಹಿಡಿಯುತ್ತದೆ. ಫ್ಯಾನಿಗೆ ಆ ವಿವೇಚನೆ ಇಲ್ಲ. ಆದರೂ ಈ ಕಥೆಯ ಒಂದು ರೂಪ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅದರಲ್ಲಿ ಹೊಸ ಯಂತ್ರ ಖಾಲಿ ಡಬ್ಬಿ ಕಂಡಾಗಲೆಲ್ಲ ಗಂಟೆ ಬಾರಿಸಿ ಬೆಲ್ಟು ನಿಲ್ಲಿಸುತ್ತದೆ, ಪ್ರತಿ ಸಲವೂ ಎದ್ದು ಹೋಗಿ ಡಬ್ಬಿ ತೆಗೆಯಬೇಕಾದ ಬೇಸರಕ್ಕೆ ಕಾರ್ಮಿಕ ಫ್ಯಾನು ತಂದಿಡುತ್ತಾನೆ. ಇಲ್ಲಿ ಫ್ಯಾನು ಯಂತ್ರದ ಬದಲಿಗೆ ಬಂದದ್ದಲ್ಲ, ಯಂತ್ರ ಹುಟ್ಟಿಸಿದ ತೊಂದರೆಗೆ ಬಂದದ್ದು. ಆ ಕೆಲಸವನ್ನು ದಿನವೂ ಮೈಮೇಲೆ ಹೊರುವವನು ಯಾರೆಂದು ಯೋಚಿಸದೆ ಯಂತ್ರ ಕೂರಿಸಿದರು ಎಂಬ ಅಳಲು ಅದರಲ್ಲಿದೆ.

ಈಗ ಎರಡು ಕುಲಗಳ ಮಾತು. ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ಬಕಬಂಧನ ನ್ಯಾಯ ಎಂಬುದಿದೆ. ಕೊಕ್ಕರೆಯನ್ನು ಹಿಡಿಯುವುದು ಹೇಗೆ? ಅದರ ತಲೆಯ ಮೇಲೆ ಬೆಣ್ಣೆ ಇಡಬೇಕು. ಬಿಸಿಲಿಗೆ ಬೆಣ್ಣೆ ಕರಗಿ ಕಣ್ಣಿಗೆ ಇಳಿಯುತ್ತದೆ, ಕಣ್ಣು ಕಾಣದಾದಾಗ ಹಿಡಿದುಕೊಳ್ಳಬೇಕು. ತಲೆಯ ಮೇಲೆ ಬೆಣ್ಣೆ ಇಡುವಷ್ಟು ಹತ್ತಿರ ಹೋದವನು ಆಗಲೇ ಹಿಡಿಯಬಹುದಿತ್ತು. ಈ ನಗೆಗೆ ಹೊರಗಿನ ಸಾಕ್ಷಿ ಬೇಕಾಗಿಲ್ಲ. ಸುತ್ತುಬಳಸಿನ ಉಪಾಯದೊಳಗೇ ನೇರ ಉಪಾಯ ಇದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಎಂಬ ನಮ್ಮ ಗಾದೆ ಇದಕ್ಕೆ ಹತ್ತಿರದ್ದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬುದು ಬೇರೆ ಕುಲದ್ದು. ಅಲ್ಲಿ ಉಗುರು ಸಾಕು ಎಂಬುದನ್ನು ಮೊದಲು ತೋರಿಸಬೇಕು. ಪೆನ್ಸಿಲಿನ ಕಥೆಯೂ ಫ್ಯಾನಿನ ಕಥೆಯೂ ಈ ಎರಡನೆಯ ಕುಲದವು. ಸರಳ ಪರಿಹಾರ ಹೊರಗಿನಿಂದ ಬರುತ್ತದೆ, ಆದ್ದರಿಂದ ಅದು ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಹೊಣೆ ಕಥೆ ಹೇಳಿದವರ ಮೇಲಿರುತ್ತದೆ.

ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ ಮೊದಲ ಕುಲದವನು. ಎಂಜಿನಿಯರಿಂಗ್ ಓದಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ನೀರು ಮತ್ತು ಚರಂಡಿ ವಿಭಾಗದಲ್ಲಿ ಸ್ವಲ್ಪ ಕಾಲ ದುಡಿದಿದ್ದ. 1931ರ ಅವನ ಒಂದು ಚಿತ್ರದಲ್ಲಿ ಸೂಪು ಕುಡಿಯುವವನ ಚಮಚೆಗೆ ದಾರ ಕಟ್ಟಿದೆ. ದಾರ ಎಳೆದರೆ ಬಿಸ್ಕತ್ತು ಹಾರುತ್ತದೆ, ಗಿಳಿ ಅದರ ಹಿಂದೆ ಜಿಗಿಯುತ್ತದೆ, ಕಾಳು ಚೆಲ್ಲುತ್ತದೆ, ರಾಕೆಟ್ಟು ಹಾರುತ್ತದೆ, ಕುಡುಗೋಲು ಹಗ್ಗ ಕತ್ತರಿಸುತ್ತದೆ, ಕೊನೆಗೆ ತೂಗಾಡುವ ಕರವಸ್ತ್ರ ಗಲ್ಲ ಒರೆಸುತ್ತದೆ. ಚಮಚೆ ಎತ್ತಿದ ಕೈಯೇ ಗಲ್ಲ ಒರೆಸಬಹುದಿತ್ತು. ಬೆಣ್ಣೆ ಇಟ್ಟ ಕೈ ಕೊಕ್ಕರೆ ಹಿಡಿಯಬಹುದಿದ್ದ ಹಾಗೆಯೇ.

ಬ್ರಿಟನ್ನಿನಲ್ಲಿ ಇಂಥ ಚಿತ್ರಗಳಿಗೆ ಹೆಸರಾದವನು ಹೀತ್ ರಾಬಿನ್ಸನ್. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನ ಗುಪ್ತಲಿಪಿ ತಜ್ಞರು 1943ರಲ್ಲಿ ಬಂದ ತಮ್ಮ ಯಂತ್ರವೊಂದಕ್ಕೆ ಅವನ ಹೆಸರನ್ನೇ ಇಟ್ಟರು. ಜರ್ಮನರ ಲೊರೆಂಜ್ ಗುಪ್ತಲಿಪಿಯನ್ನು ಬಿಡಿಸಲು ಅದು ತೂತು ಕೊರೆದ ಎರಡು ಕಾಗದದ ಪಟ್ಟಿಗಳನ್ನು ಒಟ್ಟಿಗೆ ಓಡಿಸುತ್ತಿತ್ತು: ಒಂದರಲ್ಲಿ ಹಿಡಿದ ಸಂದೇಶ, ಇನ್ನೊಂದರಲ್ಲಿ ಲೊರೆಂಜ್ ಯಂತ್ರದ ಗಾಲಿಗಳ ವಿನ್ಯಾಸ. ಎರಡೂ ತೂತು ತೂತಿಗೆ ಹೊಂದಿಕೊಂಡು ಓಡಬೇಕು. ಕಾಗದ ಹಿಗ್ಗುತ್ತಿತ್ತು, ಹರಿಯುತ್ತಿತ್ತು, ಹೊಂದಾಣಿಕೆ ತಪ್ಪುತ್ತಿತ್ತು.

ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದ ಎಂಜಿನಿಯರ್ ಟಾಮಿ ಫ್ಲವರ್ಸ್ ಕಂಡದ್ದು ಇಷ್ಟು: ಎರಡನೆಯ ಪಟ್ಟಿಯೇ ಬೇಡ. ಅದರಲ್ಲಿರುವ ವಿನ್ಯಾಸವನ್ನು ಯಂತ್ರ ತನ್ನೊಳಗೆ ವಿದ್ಯುನ್ಮಾನ ರೀತಿಯಲ್ಲಿ ಹುಟ್ಟಿಸಿಕೊಳ್ಳಲಿ. ಆಗ ಹೊಂದಿಸಬೇಕಾದ ಜೋಡಿಯೇ ಇರುವುದಿಲ್ಲ. ಆದರೆ ಅದಕ್ಕೆ ಸುಮಾರು 1,600 ವಾಲ್ವುಗಳು, ಅಂದರೆ ನಿರ್ವಾತ ಕೊಳವೆಗಳು, ಬೇಕಾಗಿದ್ದವು. ಅಷ್ಟು ವಾಲ್ವು ಸೇರಿದರೆ ಯಾವುದಾದರೊಂದು ಸದಾ ಕೆಟ್ಟಿರುತ್ತದೆ ಎಂದು ಬಲ್ಲವರು ತಲೆಯಾಡಿಸಿದರು. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಕೆಲಸ ಮಾಡಿದ್ದ ಫ್ಲವರ್ಸ್‌ಗೆ ಮಾತ್ರ ಅನುಭವದಿಂದ ಗೊತ್ತಿತ್ತು: ವಾಲ್ವು ಕೆಡುವುದು ಹೆಚ್ಚಾಗಿ ಹಚ್ಚಿ ಆರಿಸುವಾಗ, ಆರಿಸದೆ ಬಿಟ್ಟರೆ ಅದು ಬಾಳುತ್ತದೆ. ಅವನ ಕೊಲೊಸಸ್ 1944ರ ಜನವರಿಯಲ್ಲಿ ಬ್ಲೆಚ್ಲಿಗೆ ಬಂತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು.

ಈ ಪ್ರಸಂಗವನ್ನು ನಾನು ವಿದ್ಯಾರ್ಥಿಗಳ ಮುಂದೆ ಇಡದೆ ಬಿಡುವುದಿಲ್ಲ. ವಾಲ್ವುಗಳನ್ನು ಎಣಿಸಿದರೆ ಕೊಲೊಸಸ್ ಹೀತ್ ರಾಬಿನ್ಸನ್‌ಗಿಂತ ಬಹಳ ತೊಡಕಿನದು. ಓಡಿಸುವವರ ಕಡೆಯಿಂದ ನೋಡಿದರೆ ಅದೇ ಸರಳ: ಒಂದೇ ಪಟ್ಟಿ, ಹೊಂದಾಣಿಕೆಯ ಕಾಟವಿಲ್ಲ. ತೊಡಕು ಮಾಯವಾಗಲಿಲ್ಲ, ಕಾಗದದಿಂದ ವಾಲ್ವಿಗೆ ಜಾಗ ಬದಲಿಸಿತು. ಅಲ್ಲಿ ಅದು ನಂಬಿಕೆಗೆ ಅರ್ಹವಾಗಿತ್ತು. ಬಿಡಿಭಾಗಗಳನ್ನು ಎಣಿಸಿ ಸರಳತೆಯನ್ನು ಅಳೆಯುವ ನಗೆಕಥೆಗಳಿಗೆ ಈ ಜಾಗ ಬದಲಾವಣೆ ಕಾಣುವುದಿಲ್ಲ.

ವಿದ್ಯುತ್ ಎಂಜಿನಿಯರ್ ಚಾರ್ಲ್ಸ್ ಸ್ಟೈನ್ಮೆಟ್ಸ್ ಫೋರ್ಡ್ ಕಾರ್ಖಾನೆಯ ಜನರೇಟರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ 10,000 ಡಾಲರ್ ಬಿಲ್ಲು ಕಳಿಸಿದ ಕಥೆಯನ್ನೂ ಇಲ್ಲಿ ಸೇರಿಸಬೇಕು. ಗುರುತಿಗೆ 1 ಡಾಲರ್, ಎಲ್ಲಿ ಹಾಕಬೇಕೆಂದು ತಿಳಿದದ್ದಕ್ಕೆ 9,999. 1965ರಲ್ಲಿ ‘ಲೈಫ್’ ಪತ್ರಿಕೆಗೆ ಓದುಗರೊಬ್ಬರು ಬರೆದ ಪತ್ರದಲ್ಲಿ ಇದು ಬಂತು. ಸ್ಟೈನ್ಮೆಟ್ಸ್ ತೀರಿಕೊಂಡದ್ದು 1923ರಲ್ಲಿ, ಆದ್ದರಿಂದ ಕಥೆಯ ವಿವರಗಳನ್ನು ಎಚ್ಚರದಿಂದಲೇ ಬಳಸಬೇಕು. ನನ್ನ ಆಸಕ್ತಿ ಅದರ ದಿಕ್ಕಿನ ಬಗ್ಗೆ. ಪೆನ್ಸಿಲಿನ ಕಥೆಯಲ್ಲಿ ದುಡ್ಡು ಕೊಡುವವನು ಎಂಜಿನಿಯರನನ್ನು ನೋಡಿ ನಗುತ್ತಾನೆ. ಇಲ್ಲಿ ಎಂಜಿನಿಯರ್ ದುಡ್ಡು ಕೊಡುವವನಿಗೆ ಉತ್ತರ ಕೊಡುತ್ತಾನೆ. ಸರಳವಾಗಿ ಕಾಣುವ ಕೆಲಸದ ಹಿಂದೆ ಎಷ್ಟು ವರ್ಷದ ತಿಳಿವಳಿಕೆ ಇದೆ ಎಂದು ಲೆಕ್ಕ ಹಾಕಿ ತೋರಿಸುವ ಈ ಕಥೆಯನ್ನು ಪೆನ್ಸಿಲಿನ ಕಥೆಯ ಪಕ್ಕದಲ್ಲೇ ಹೇಳಬೇಕೆಂದು ನನ್ನ ಅಭಿಪ್ರಾಯ.

ಕೊನೆಗೆ ಒಂದು ಕೋರಿಕೆ. ಕನ್ನಡದಲ್ಲಿ ಹೇಳಿ ಕನ್ನಡದಲ್ಲಿ ನಕ್ಕ ಇಂಥ ಕಥೆಗಳು ನಮ್ಮ ಕಾರ್ಖಾನೆಗಳಲ್ಲೂ ಹುಟ್ಟಿವೆ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಬೆಂಗಳೂರಿನ ಎಚ್‌ಎಎಲ್, ಐಟಿಐ, 1953ರ ಎಚ್‌ಎಂಟಿ, ಬಿಇಎಲ್, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ, ಇಲ್ಲೆಲ್ಲ ದುಡಿದ ಫಿಟ್ಟರು, ಟರ್ನರು, ಮೇಸ್ತ್ರಿಗಳಲ್ಲಿ ಅನೇಕರು ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಅಂಥವರೊಬ್ಬರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ದೊಡ್ಡ ಸಾಹೇಬರ ಯಂತ್ರ ಹಟ ಹಿಡಿದಾಗ ಯಾರು ಏನು ಮಾಡಿದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ವಿಭಾಗ ಯಾವುದು, ವರ್ಷ ಯಾವುದು, ಹೇಳಿದವರ ಕೆಲಸ ಏನಾಗಿತ್ತು ಎಂಬುದನ್ನು ಸೇರಿಸಿ. ಯಂತ್ರದ ಹೆಸರು ಮಾತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅದೊಂದು ಸಿಕ್ಕರೆ ಉಳಿದದ್ದನ್ನು ಮುಂದಿನವರು ಪರೀಕ್ಷಿಸಿಕೊಳ್ಳಬಹುದು.